ಒಂದು ಹಳೆಯ ಕಾರಿನ ಮೂಲಪಾಠ

ಪರರ ದೋಷಗಳನ್ನು ಕಾಣುವುದರಲ್ಲಿ ಮನುಷ್ಯನು ಎಷ್ಟು ಚತುರನೋ, ತನ್ನ ಆಸೆಯು ತನ್ನ ಕಣ್ಣಿಗೆ ಕಟ್ಟಿದ ಪಟ್ಟಿಯನ್ನು ಅರಿಯುವುದರಲ್ಲಿ ಅಷ್ಟೇ ಮಂದನು. ಈ ಮಾತನ್ನು ನಾನು ಅನೇಕ ವೇದಿಕೆಗಳ ಮೇಲೆ ಆಡಿದ್ದೇನೆ. ಆದರೆ ಅದರ ಅರ್ಥ ನನಗೆ ಮನದಟ್ಟಾದುದು ಅರವತ್ತು ದಾಟಿದ ಮೇಲೆ, ಒಂದು ಹಳೆಯ ಕಾರಿನ ದೆಸೆಯಿಂದ. ಮಠದಲ್ಲಿ ಓದಿ, ಓಲೆಗರಿಗಳ ನಡುವೆ ಬಾಳಿದವನಿಗೆ ಮೋಟಾರಿನ ಗೊಡವೆ ಏಕೆಂದು ವಾಚಕರು ಕೇಳುವುದು ಸಹಜ. ನನ್ನ ಧರ್ಮಪತ್ನಿಯೂ ಅದನ್ನೇ ಕೇಳಿದಳು.

1971ರ ಮಾತು. ಆಗ ನಾನು ಮಠದ ಪ್ರಸಾದ ನಿಲಯದಲ್ಲಿದ್ದ ಬಾಲಕ. ಪ್ರತಿ ಸೋಮವಾರ ಒಬ್ಬ ವೈದ್ಯರು ಶ್ರೀಗಳ ದರ್ಶನಕ್ಕೆ ಬಂದು, ಕಾಯಿಲೆಬಿದ್ದ ಹುಡುಗರಿಗೆ ಔಷಧಿ ಕೊಟ್ಟು ಹೋಗುತ್ತಿದ್ದರು. ಅವರದು ಕೆನೆಬಣ್ಣದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು. ಇತರ ಕಾರುಗಳ ಬಾನೆಟ್ಟು ಪೆಟ್ಟಿಗೆಯ ಮುಚ್ಚಳದಂತೆ ತೆರೆದರೆ, ಇದರದು ಎರಡೂ ಕಡೆಯ ಮಡ್‌ಗಾರ್ಡುಗಳ ಸಮೇತ ಇಡಿಯ ಮೂತಿಯೇ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತಿತ್ತು. ಒಮ್ಮೆ ವೈದ್ಯರು ನನ್ನ ಕೈಗೆ ತಂಬಿಗೆ ಕೊಟ್ಟು ರೇಡಿಯೇಟರಿಗೆ ನೀರು ಹಾಕಿಸಿದರು. ಅಂದು ಹುಟ್ಟಿದ ಆಸೆ ಐವತ್ತು ವರ್ಷ ಬೂದಿ ಮುಚ್ಚಿದ ಕೆಂಡದಂತೆ ಒಳಗೇ ಉಳಿದಿತ್ತು.

ಈ ಕಾರಿನ ವಂಶಾವಳಿಯನ್ನು ಸ್ವಲ್ಪ ಹೇಳಬೇಕು. ಇಟಲಿಯ ಜೊವಾನ್ನಿ ಮಿಕೆಲೊಟ್ಟಿ ಎಂಬ ವಿನ್ಯಾಸಕಾರನು ರೂಪಿಸಿದ ಟ್ರಯಂಫ್ ಹೆರಾಲ್ಡ್ 1959ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದಿತು. 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಸಂಸ್ಥೆಯವರು ಅದನ್ನು ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಿಂದ ನಮ್ಮ ದೇಶದಲ್ಲಿ ತಯಾರಿಸಿದರು. ಅಂಬಾಸಡರ್ ಮತ್ತು ಫಿಯೆಟ್ ಕಾರುಗಳ ಜೊತೆಗೆ ಅಂದಿನ ಮಧ್ಯಮವರ್ಗಕ್ಕೆ ಪರಿಚಿತವಾಗಿದ್ದ ಮೂರನೆಯ ಕಾರು ಇದೇ. ಸುಮಾರು 25 ಅಡಿ ವ್ಯಾಸದ ಜಾಗದಲ್ಲಿ ಇದು ಪೂರ್ಣವಾಗಿ ತಿರುಗಬಲ್ಲುದು. ಇದರ ಒಡಲು ಒಂದೇ ಅಚ್ಚಿನದಲ್ಲ. ಬೇರೆಯಾದ ಚಾಸಿಯ ಮೇಲೆ ಬಿಡಿಬಿಡಿ ಭಾಗಗಳನ್ನು ಬೋಲ್ಟುಗಳಿಂದ ಬಿಗಿದುದು. ಚಾವಣಿಯನ್ನು ಸಹ ಬೋಲ್ಟು ಬಿಚ್ಚಿ ಎತ್ತಿ ಇಡಬಹುದು. ಇದೇ ಚಾಸಿಯನ್ನು ಮೊಟಕುಗೊಳಿಸಿ, 1147 ಸಿ.ಸಿ. ಎಂಜಿನ್ ಇಟ್ಟು, 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ತೆರೆದ ಸ್ಪೋರ್ಟ್ಸ್ ಕಾರನ್ನು ಮಾಡಿದರು. ನನ್ನ ಕಥೆಯ ಗಂಟು ಇರುವುದು ಈ ಎರಡು ಸಂಗತಿಗಳಲ್ಲಿಯೇ.

2022ರಲ್ಲಿ ಬೆಂಗಳೂರಿನ ಮಧ್ಯವರ್ತಿಯೊಬ್ಬನು ನನಗೆ ಒಂದು ಕೆಂಪು ಕಾರನ್ನು ತೋರಿಸಿದನು. ಮೇಲೆ ಚಾವಣಿ ಇಲ್ಲ, ಮಡಚುವ ಕ್ಯಾನ್ವಾಸು. 'ಸ್ವಾಮೀ, ಇದು ಹೆರಾಲ್ಡಿನ ಸ್ಪೋರ್ಟ್ಸ್ ಮಾದರಿ. ಕಾರ್ಖಾನೆಯಿಂದಲೇ ಹೀಗೆ ಬಂದದ್ದು. ಎಂಜಿನ್ ಸ್ಪಿಟ್‌ಫೈರಿನದು. ಇಂಥದು ಇನ್ನೊಂದು ಸಿಗುವುದಿಲ್ಲ' ಎಂದನು. ನಾನು ಕಾರನ್ನು ನೋಡಲಿಲ್ಲ. ಕಾರಿನ ಮೂಲಕ ಆ ಸೋಮವಾರದ ಬಾಲಕನನ್ನು ನೋಡಿದೆ. ಮನೆಯ ಹಂಚು ಹೊದಿಸಲೆಂದು ನಿವೃತ್ತಿಯ ಹಣದಲ್ಲಿ ತೆಗೆದಿರಿಸಿದ್ದ ಗಂಟಿನಿಂದ ರೂ. 3,80,000 ಎಣಿಸಿಕೊಟ್ಟೆ. ಕಾರು ಲಾರಿಯ ಮೇಲೆ ಧಾರವಾಡಕ್ಕೆ ಬಂದಿತು.

ಮೊದಲ ವಾರವೇ ಕಲಘಟಗಿಯ ರಸ್ತೆಯಲ್ಲಿ ಒಂದು ತಗ್ಗು ದಾಟುವಾಗ ಎಡಬಾಗಿಲು ತಾನಾಗಿ ತೆರೆದುಕೊಂಡಿತು. ಮರುದಿನ ಹುಬ್ಬಳ್ಳಿಯ ಒಬ್ಬ ಹಿರಿಯ ಮಿಸ್ತ್ರಿಯ ಬಳಿಗೆ ಒಯ್ದೆ. ಅವರು ಜೇಬಿನಿಂದ ಒಂದು ಪುಟ್ಟ ಅಯಸ್ಕಾಂತವನ್ನು ತೆಗೆದು ಬಾಗಿಲ ಕೆಳಗಿನ ಪಟ್ಟಿಯ ಮೇಲೆ ಇಟ್ಟರು. ಅದು ಹಿಡಿಯದೆ ನೆಲಕ್ಕೆ ಬಿದ್ದಿತು.

'ಇಲ್ಲಿ ಕಬ್ಬಿಣ ಇಲ್ಲರಿ ಗುರುಗಳ, ಬರೇ ಪುಟ್ಟಿ. ಒಳಗ ತುಕ್ಕು ತಿಂದೈತಿ. ಮತ್ತ ಈ ಗಾಡಿ ಹುಟ್ಟಿದಾಗ ಹಿಂಗ ಇರಲಿಲ್ಲ. ಯಾರೋ ಇದರ ತಲಿ ತಗದಾರ' ಎಂದರು. ಬಳಿಕ ಆರ್.ಸಿ. ಪುಸ್ತಕ ಕೇಳಿದರು. ಅದರಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು: ಒಡಲಿನ ಬಗೆ ಸಲೂನ್, ಎಂಜಿನ್ 948 ಸಿ.ಸಿ. ಚಾವಣಿ ಹೋದುದರಿಂದ ಒಡಲು ಬಿಗಿ ಕಳೆದುಕೊಂಡು ಬಾಗಿಲುಗಳು ಅದುರುತ್ತಿದ್ದವು.

ನನಗಾದ ನಾಚಿಕೆಯನ್ನು ಏನೆಂದು ಹೇಳಲಿ! ನಲವತ್ತು ವರ್ಷ ನಾನು ಮಾಡಿದ ಕೆಲಸವಾದರೂ ಏನು? ಓಲೆಗರಿಗಳ ಪ್ರತಿಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ಮೂಲ ಯಾವುದು, ಪ್ರಕ್ಷಿಪ್ತ ಯಾವುದು ಎಂದು ಬೇರ್ಪಡಿಸುವುದು. ಲಿಪಿಕಾರನು ಒಂದಕ್ಷರ ಸೇರಿಸಿದ್ದರೂ ಹಿಡಿಯುತ್ತೇನೆಂಬ ಹೆಮ್ಮೆ ನನಗಿತ್ತು. ಅಂಥವನು ಕೈಯಲ್ಲಿದ್ದ ಎರಡು ಪುಟದ ದಾಖಲೆಯನ್ನು ಓದದೆ ಹಣ ಕೊಟ್ಟಿದ್ದೆ. ಮಧ್ಯವರ್ತಿಗೆ ದೂರವಾಣಿ ಮಾಡಿದರೆ, 'ಹಳೆಯ ಗಾಡಿ, ನೋಡಿಯೇ ತೆಗೆದುಕೊಂಡಿದ್ದೀರಿ' ಎಂಬ ಉತ್ತರ ಬಂದಿತು.

ಮನೆಯಲ್ಲಿ ಆಕೆ ಹೆಚ್ಚು ಮಾತನಾಡಲಿಲ್ಲ. ಅಡುಗೆಮನೆಯಲ್ಲಿ ಸೋರುತ್ತಿದ್ದ ಕಡೆಗೆ ಒಂದು ಕೊಳಗ ಇಟ್ಟು, 'ಮನಿ ಹಂಚು ಸೋರಾಕತ್ತಾವ. ನೀವು ಹೋಗಿ ಮ್ಯಾಲ ಚಾವಣಿನ ಇಲ್ಲದ ಗಾಡಿ ತಂದ್ರಿ' ಎಂದಷ್ಟೇ ಅಂದಳು.

ನನ್ನ ಮಗನು ವ್ಯವಹಾರ ಬಲ್ಲವನು. 'ಅಪ್ಪಾ, ಹೇಗೆ ಬಂತೋ ಹಾಗೆಯೇ ಹೋಗಲಿ' ಎಂದು ಗಿರಾಕಿಯೊಬ್ಬನನ್ನು ಕರೆತಂದನು. ಇಪ್ಪತ್ತೆಂಟು ವರ್ಷದ ತರುಣ. ಹೊಸದಾಗಿ ನೌಕರಿ ಹಿಡಿದವನು. ಕಾರನ್ನು ಕಂಡು ಅವನ ಕಣ್ಣು ಅರಳಿತು. 'ಇದು ಕಾರ್ಖಾನೆಯಿಂದಲೇ ತೆರೆದ ಗಾಡಿ ತಾನೆ ಸರ್? ಹಾಗಿದ್ದರೆ ನಾಲ್ಕೂವರೆ ಲಕ್ಷ ಕೊಡುತ್ತೇನೆ' ಎಂದನು. ಆ ಕಣ್ಣುಗಳನ್ನು ನಾನು ಗುರುತಿಸಿದೆ. ಅವು ನನ್ನವೇ ಆಗಿದ್ದವು. ಒಂದೇ ಒಂದು 'ಹೌದು' ಅಂದರೆ ಹೋದ ಹಣ ಬಡ್ಡಿಸಹಿತ ಬರುತ್ತಿತ್ತು, ಮನೆಗೆ ಹಂಚೂ ಬರುತ್ತಿತ್ತು. ನಾನು ಉತ್ತರಿಸದೆ, ಚಹಾ ತರುವ ನೆಪದಿಂದ ಒಳಗೆ ಹೋದೆ. ಆ ನೆಪವೇ ನನ್ನ ಅಳುಕಿಗೆ ಸಾಕ್ಷಿ.

ಒಲೆಯ ಮುಂದಿದ್ದ ಆಕೆ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. 'ಮಾರಯ್ಯ ಅಕ್ಕಿ ಹೆಚ್ಚಿಗಿ ತಂದಾಗ ಲಕ್ಕಮ್ಮ ಏನು ಮಾಡಿದ್ಲು ಅಂತ ನೀವ ಊರೂರಿಗೆ ಪ್ರವಚನ ಹೇಳಕೋತ ಬಂದೀರಿ. ನಮ್ಮ ಮನಿಗೆ ಬ್ಯಾರೆ ಪುರಾಣ ಐತೇನು? ಆ ಹುಡುಗಗ ಖರೆ ಹೇಳ್ರಿ. ಕೊಳಗ ಇನ್ನೊಂದು ಮಳಿಗಾಲ ಅಲ್ಲೇ ಇರಲಿ' ಎಂದಳು.

ಆಯ್ದಕ್ಕಿ ಮಾರಯ್ಯ ಶರಣರು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದವರು. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಅದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಪತ್ನಿ ಲಕ್ಕಮ್ಮನು ಹೇಳಿದ ಪ್ರಸಂಗ ನಮ್ಮ ಮನೆಮನೆಗೂ ಗೊತ್ತು. ಅದನ್ನು ನಾನು ನೂರಾರು ಸಲ ಹೇಳಿದ್ದೆ. ಕೇಳಿಸಿಕೊಂಡದ್ದು ಅಂದೇ ಮೊದಲು.

ಹೊರಗೆ ಬಂದು ತರುಣನಿಗೆ ಆರ್.ಸಿ. ಪುಸ್ತಕ ಕೊಟ್ಟೆ, ಅಯಸ್ಕಾಂತವನ್ನು ಅವನ ಕೈಯಿಂದಲೇ ಇಡಿಸಿದೆ. ನೋಂದಣಿಯ ವಿವರಕ್ಕೆ ವಿರುದ್ಧವಾಗಿ ವಾಹನದ ಒಡಲನ್ನು ಬದಲಿಸುವುದು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿಗೆ ವಿರುದ್ಧವೆಂದೂ, 50 ವರ್ಷ ಮೀರಿದ ವಾಹನಗಳಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿಗೂ ಮೂಲರೂಪ ಕೆಟ್ಟಿರಬಾರದೆಂದೂ ತಿಳಿಸಿದೆ. ಅವನು ಚಹಾ ಕುಡಿದು, ನನ್ನ ಪಾದ ಮುಟ್ಟಿ ನಮಸ್ಕರಿಸಿ ಹೋದನು. ಮಗನು ಎರಡು ದಿನ ನನ್ನೊಡನೆ ಮಾತನಾಡಲಿಲ್ಲ.

ಇನ್ನು ಉಳಿದುದು ಒಂದೇ ದಾರಿ: ಕಾರನ್ನು ಅದರ ನಿಜರೂಪಕ್ಕೆ ತರುವುದು. ಚೆನ್ನೈಯ ಪುದುಪೇಟೆಯಲ್ಲಿ ಹಳೆಯ ಬಿಡಿಭಾಗಗಳ ದೊಡ್ಡ ಪೇಟೆ ಇದೆ. ಮಿಸ್ತ್ರಿಯವರು ತಮ್ಮ ಪರಿಚಯದವರ ಮೂಲಕ ಅಲ್ಲಿ ಹೆರಾಲ್ಡಿನ ಒಂದು ಚಾವಣಿಯನ್ನು ಹುಡುಕಿಸಿದರು. ಬಳಿಕ ಏಳು ತಿಂಗಳು ಕೆಲಸ ನಡೆಯಿತು. ಪುಟ್ಟಿಯನ್ನೆಲ್ಲ ಕೆತ್ತಿ ತೆಗೆದು, ಚಾಸಿಯ ಪಕ್ಕದ ತೋಳುಗಳಿಗೆ ಹೊಸ ತಗಡು ಬೆಸೆದರು. ವಾರಕ್ಕೆರಡು ದಿನ ನಾನೂ ಹೋಗಿ ತುಕ್ಕು ಉಜ್ಜುತ್ತಿದ್ದೆ. ಕಣ್ಣಿಗೆ ಕಾಣದ ಅಡಿಭಾಗವನ್ನು ಅಷ್ಟು ನಯಗೊಳಿಸುವುದೇಕೆಂದು ಒಮ್ಮೆ ಕೇಳಿದೆ. 'ನೋಡೋರು ನೋಡಲಿ ಬಿಡಲಿ, ಕೆಲಸಕ್ಕ ಗೊತ್ತಿರತೈತಿ' ಎಂದರು. ಕಾಯಕದ ಬಗ್ಗೆ ನಾನು ಬರೆದ ಗ್ರಂಥಕ್ಕಿಂತ ಆ ಮಾತು ದೊಡ್ಡದೆನಿಸಿತು. ಚಾವಣಿಯನ್ನು ಇಳಿಸಿ ಬೋಲ್ಟು ಬಿಗಿದ ದಿನ ಬಾಗಿಲು 'ಟಪ್' ಎಂದು ಸರಿಯಾಗಿ ಕೂಡಿಕೊಂಡಿತು.

ಒಟ್ಟು ಖರ್ಚು ರೂ. 1,40,000. ಅದನ್ನೂ ಮನೆಯ ಹಂಚಿನ ಹಣವನ್ನೂ ಕೂಡಿಸಲು ನಾನು ಒಂದೂವರೆ ವರ್ಷ ಪ್ರಕಾಶಕರ ಕರಡು ತಿದ್ದಿದೆ. ಕೊಳಗವು ಒಂದಲ್ಲ, ಎರಡು ಮಳೆಗಾಲ ಅಲ್ಲಿಯೇ ಇದ್ದಿತು. ಈಗ ಎರಡು ಚಾವಣಿಗಳೂ ಸೋರುವುದಿಲ್ಲ. ಕಾರಿನ ನೋಂದಣಿಯೂ ಸಲೂನ್ ಎಂದೇ ನವೀಕರಣಗೊಂಡಿದೆ.

ಬಾನೆಟ್ಟಿನ ಒಳಗೆ ಒಂದು ಹಾಳೆ ಅಂಟಿಸಿದ್ದೇನೆ. ಯಾವ ಭಾಗ ಮೂಲದ್ದು, ಯಾವುದು ಬೇರೆ ಕಾರಿನಿಂದ ಬಂದುದು, ಎಲ್ಲೆಲ್ಲಿ ತಗಡು ಬೆಸೆದಿದೆ ಎಂಬುದನ್ನು ಗ್ರಂಥದ ಪಾಠಾಂತರಗಳಂತೆ ಅದರಲ್ಲಿ ಕ್ರಮವಾಗಿ ಬರೆದಿದೆ. ನನ್ನ ನಂತರ ಇದನ್ನು ಕೊಳ್ಳುವವನು ಯಾರನ್ನೂ ಕೇಳಬೇಕಾಗಿಲ್ಲ.

ಹಳೆಯ ವಾಹನ ಕೊಳ್ಳಬಯಸುವ ಬಂಧುಗಳಿಗೆ ನನ್ನ ವಿನಂತಿ ಇಷ್ಟೇ: ಮೊದಲು ದಾಖಲೆಯನ್ನು ಓದಿರಿ, ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ತಾಳೆ ನೋಡಿರಿ, ಜೇಬಿನಲ್ಲಿ ಅಯಸ್ಕಾಂತವನ್ನೂ ಜೊತೆಯಲ್ಲಿ ಬಲ್ಲ ಮಿಸ್ತ್ರಿಯನ್ನೂ ಕರೆದೊಯ್ಯಿರಿ. ಮೋಸಹೋದರೆ ಆ ಮೋಸವು ನಿಮ್ಮಲ್ಲಿಯೇ ಕೊನೆಗೊಳ್ಳಲಿ, ಮುಂದಿನವನಿಗೆ ದಾಟದಿರಲಿ.

ಸೋಮವಾರಗಳಂದು ನಾವಿಬ್ಬರೂ ಆ ಕಾರಿನಲ್ಲಿ ಮಠಕ್ಕೆ ಹೋಗುತ್ತೇವೆ. ಪ್ರಸಾದ ನಿಲಯದ ಮಕ್ಕಳು ಸುತ್ತ ನೆರೆಯುತ್ತಾರೆ. ರೇಡಿಯೇಟರಿಗೆ ನೀರು ಬೇಕಿರಲಿ, ಬೇಡದಿರಲಿ, ಒಬ್ಬ ಹುಡುಗನ ಕೈಗೆ ನಾನು ತಂಬಿಗೆ ಕೊಡುತ್ತೇನೆ.