ಬಲೂನಿಗೆ ಕಿವಿಗೊಟ್ಟ ಕೊಂಬು

ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋದಾಗ, ಮೊಮ್ಮಗನ ಜೊತೆ ಹೋಮ್‌ಡೆಲ್ ಊರಿನ ಕ್ರಾಫರ್ಡ್ ಗುಡ್ಡಕ್ಕೆ ಹೋಗಿದ್ದೆ.

"ಅಜ್ಜ, ಐಸ್‌ಕ್ರೀಮ್ ಕೋನ್ ಅಡ್ಡ ಮಲಗಿದೆ!" ಎಂದ ಅವನು. ನನಗೆ ಕಂಡದ್ದು ಜಾತ್ರೆಯ ಕೊಂಬು. ಹೆಸರೂ ಹಾಗೆಯೇ, ಹಾರ್ನ್ ಆ್ಯಂಟೆನಾ. ಅಲ್ಯೂಮಿನಿಯಂನದು, 15 ಮೀಟರ್ ಉದ್ದ. ಬೆಲ್ ಲ್ಯಾಬ್ಸ್‌ನವರು 1959ರಲ್ಲಿ ಇದನ್ನು ಕಟ್ಟಿದ್ದು ಒಂದು ಬಲೂನಿಗಾಗಿ!

1960ರ ಆಗಸ್ಟ್ 12ರಂದು ನಾಸಾ 'ಎಕೋ-1' ಎಂಬ ಬಲೂನನ್ನು ಬಾಹ್ಯಾಕಾಶಕ್ಕೆ ಕಳಿಸಿತು. ಎಕೋ ಎಂದರೆ ಪ್ರತಿಧ್ವನಿ. ಅಗಲ 30 ಮೀಟರ್, ಅಂದರೆ ಹತ್ತು ಮಹಡಿ ಕಟ್ಟಡದಷ್ಟು. ಆದರೆ ಅದರ ಪ್ಲಾಸ್ಟಿಕ್ ಹಾಳೆ ತಲೆಗೂದಲಿಗಿಂತ ತೆಳು, ಮೇಲೆ ಅಲ್ಯೂಮಿನಿಯಂ ಹೊಳಪು. ಮಡಚಿಟ್ಟದ್ದು 66 ಸೆಂಟಿಮೀಟರ್ ಅಗಲದ ಗುಂಡು ಡಬ್ಬಿಯಲ್ಲಿ.

"ಮೇಲೆ ಅದನ್ನು ಊದಿದವರು ಯಾರು?" ಮೊಮ್ಮಗನ ಪ್ರಶ್ನೆ.

ದೇವರ ಮನೆಯ ಕರ್ಪೂರ ತೆರೆದಿಟ್ಟರೆ ಕರಗಿ ನೀರಾಗದೆ ಹಾಗೇ ಆವಿಯಾಗುತ್ತದಲ್ಲ? ಅಂಥದೇ ಗುಣದ ಪುಡಿಯನ್ನು ಒಳಗೆ ಹಾಕಿದ್ದರು. ಬಿಸಿಲು ತಾಗಿತು, ಪುಡಿ ಆವಿಯಾಯಿತು, ಬಲೂನು ಉಬ್ಬಿತು. ಹೊರಗೆ ಒತ್ತುವ ಗಾಳಿಯೇ ಇಲ್ಲದ ಕಡೆ ಅಷ್ಟೇ ಸಾಕು.

ಕ್ಯಾಲಿಫೋರ್ನಿಯಾದಿಂದ ಕಳಿಸಿದ ಅಧ್ಯಕ್ಷ ಐಸೆನ್‌ಹೋವರ್ ಅವರ ಧ್ವನಿ ಬಲೂನಿಗೆ ತಾಗಿ ಹಿಂತಿರುಗಿತು. ಅದನ್ನು ಹಿಡಿದದ್ದು ಈ ಹೋಮ್‌ಡೆಲ್‌ನಲ್ಲಿ.

ಬಲೂನು ಸೂರ್ಯನ ಬೆಳಕನ್ನೂ ಕನ್ನಡಿಯಂತೆ ಹಿಂದಿರುಗಿಸುತ್ತಿತ್ತು. ನಾನು ಹುಡುಗನಾಗಿದ್ದಾಗ ಅಪ್ಪ ಅಂಗಳದಲ್ಲಿ ನನ್ನ ಗದ್ದ ಹಿಡಿದು ತಿರುಗಿಸಿ, ನಡೆಯುವ ಆ ಚುಕ್ಕಿಯನ್ನು ತೋರಿಸಿದ್ದರು. 1968ರ ಮೇನಲ್ಲಿ ಅದು ವಾತಾವರಣಕ್ಕೆ ಬಿದ್ದು ಉರಿದುಹೋಯಿತು.

ಕೊಂಬಿನ ಕೆಲಸ ಮಾತ್ರ ಮುಗಿದಿರಲಿಲ್ಲ. 1964ರಲ್ಲಿ ಪೆನ್ಜಿಯಸ್, ವಿಲ್ಸನ್ ಎಂಬ ವಿಜ್ಞಾನಿಗಳಿಗೆ ಇದರಲ್ಲಿ ಬಿಡದ ಒಂದು ಗುಂಯ್ ಸದ್ದು ಕೇಳಿಸಿತು. ಗೂಡು ಕಟ್ಟಿದ್ದ ಪಾರಿವಾಳಗಳನ್ನು ಓಡಿಸಿ, ಹಿಕ್ಕೆ ತೊಳೆದರೂ ಹೋಗಲಿಲ್ಲ. ಅದು ವಿಶ್ವ ಹುಟ್ಟಿದ ಕಾಲದಿಂದ ಉಳಿದ ಬಿಸಿಯ ಗುರುತು! 1978ರಲ್ಲಿ ಅವರಿಗೆ ನೊಬೆಲ್ ಬಂತು.

ಈಚೆಗೆ ಈ ಜಾಗದಲ್ಲಿ ಮನೆ ಕಟ್ಟುವ ಮಾತು ಎದ್ದಿತ್ತು. ಊರಿನವರು ಸಹಿ ಸಂಗ್ರಹಿಸಿದರು, ಪಟ್ಟು ಬಿಡಲಿಲ್ಲ. 2023ರಲ್ಲಿ ಊರಾಡಳಿತವೇ ಜಾಗ ಕೊಳ್ಳಲು ಮುಂದಾಯಿತು. ಕೊಂಬು ಉಳಿಯಿತು.

ರಾತ್ರಿ ಮನೆಯಂಗಳದಲ್ಲಿ ನಿಂತಿದ್ದೆವು. "ಅಜ್ಜ, ಅಲ್ಲೊಂದು ಚುಕ್ಕಿ ಹೋಗ್ತಿದೆ!" ನನ್ನ ಕಣ್ಣಿಗೆ ಬೇಗ ಕಾಣಲಿಲ್ಲ. ಮೊಮ್ಮಗ ಕುರ್ಚಿ ಹತ್ತಿ, ನನ್ನ ಗದ್ದ ಹಿಡಿದು ತಿರುಗಿಸಿದ.

ಕಂಡಿತು.