ಲೈಸೆನ್ಸ್ ಇಲ್ಲದ ಮೀನುಗಾರ

ಗಾಳ ಹಾಕಿ ನೀರಿನ ದಂಡೆಯಲ್ಲಿ ಕೂರುವ ಹವ್ಯಾಸ ಇಂದು ನಿನ್ನೆಯದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಒಂದು ಭಾಗವನ್ನೇ ಬರೆದಿದ್ದಾನೆ. ಮೀನುಗಳ ಬಗೆ, ಅವುಗಳಿಗೆ ಹಾಕುವ ಆಹಾರ, ಗಾಳ ಹಾಕುವ ರೀತಿ ಎಲ್ಲವೂ ಅದರಲ್ಲಿದೆ. ಅವನು ದೊರೆ, ಲೈಸೆನ್ಸ್ ಕೇಳುವವರು ಯಾರು? ನಮ್ಮ ಮನೆಯ ದೊರೆಗೆ ಮಾತ್ರ ಆ ಪ್ರಶ್ನೆ ಎದುರಾಯಿತು.

ಸಂಡೂರಿನಲ್ಲಿರುವ ನನ್ನ ಮೊಮ್ಮಗ ಬೇಸಿಗೆ ರಜೆಗೆ ಹೊಸಪೇಟೆಗೆ ಬರುವಾಗ ಹೊಸ ಗಾಳದ ಕೋಲು ತಂದಿದ್ದ. “ತಾತಾ, ನಾಳೆ ಹೊಳಿಗೆ ಹೋಗೋಣು” ಅಂದ.

“ಮೊದಲು ಕೇಳಿ ಬರೋಣಪ್ಪ” ಅಂದೆ.

“ಯಾರನ್ನ ಕೇಳಬೇಕು? ಹೊಳಿ ಎಲ್ಲರದೂ ಅಲ್ಲೇನು?”

ಎಲ್ಲರದೂ ಹೌದು. ಅದಕ್ಕೇ ಕೇಳಬೇಕು.

ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಸಿಡಿಮದ್ದು ಸಿಡಿಸಿ, ವಿಷ ಬೆರೆಸಿ ಮೀನು ಹಿಡಿಯುವುದು ಅಪರಾಧ ಎಂದು 1897ರಲ್ಲೇ ಕಾಯ್ದೆ ಬಂತು. ಮುಂದೆ ಹೊಳೆಯೇ ಬದಲಾಯಿತು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಲ್ಲಿ ನೀರು ನಿಂತಿತು. ಮೊಟ್ಟೆಯಿಡಲು ಹೊಳೆಯ ಮೇಲಕ್ಕೆ ಈಜುತ್ತಿದ್ದ ಮೀನುಗಳಿಗೆ ಗೋಡೆ ಅಡ್ಡವಾಯಿತು. ಈಗ ಮರಿಗಳನ್ನು ಸಾಕಿ ಜಲಾಶಯಕ್ಕೆ ಬಿಡಬೇಕು. ಹೊಳೆ ಬದಲಾದಂತೆ ನಿಯಮಗಳೂ ಬದಲಾದವು. ಕರ್ನಾಟಕಕ್ಕೆ 1996ರ ಒಳನಾಡು ಮೀನುಗಾರಿಕೆ ಕಾಯ್ದೆ ಬಂತು. ಸರ್ಕಾರದ ನೀರಿನಲ್ಲಿ ಮೀನು ಹಿಡಿಯಲು ಪರವಾನಗಿಯೋ ಗುತ್ತಿಗೆಯೋ ಬೇಕು.

“ಒಂದೇ ಒಂದು ಮೀನಿಗೂ?” ಮೊಮ್ಮಗನ ಮುಖ ಸಣ್ಣದಾಯಿತು.

ಕಾಯ್ದೆಯ ಮಾತು ಹನ್ನೊಂದು ವರ್ಷದ ಹುಡುಗನಿಗೆ ರುಚಿಸುವುದಿಲ್ಲ. ಮರುದಿನ ಬೆಳಿಗ್ಗೆ ಕಂಪ್ಲಿಯ ಬಸ್ ಹತ್ತಿಸಿದೆ. ಹೊಳೆ ದಂಡೆಯಲ್ಲಿ ಒಬ್ಬ ಹಿರಿಯರು ಹರಿಗೋಲು ಬೋರಲು ಹಾಕಿ, ಅದರ ನೆರಳಲ್ಲಿ ಬಲೆಯ ಹರಕು ಹೆಣೆಯುತ್ತಿದ್ದರು.

“ಅಜ್ಜಾ, ಬಲಿ ಯಾಕ ಹರೀತು?” ಮೊಮ್ಮಗ ಕೇಳಿದ.

“ನೀರುನಾಯಿ ಹರದಾವು, ತಮ್ಮಾ. ಬಲ್ಯಾಗಿನ ಮೀನು ಅವಕ್ಕ ಎಲಿಯಾಗ ಬಡಿಸಿದಂಗ.”

“ಅವಕ್ಕ ಲೈಸೆನ್ಸ್ ಐತಾ?”

ಹಿರಿಯರು ನಕ್ಕುಬಿಟ್ಟರು. “ಅವಕ್ಯಾಕ ಲೈಸೆನ್ಸು? ನಮ್ಮ ಮುತ್ತಾತಗಿಂತ ಮೊದ್ಲಿಂದ ಇಲ್ಲೇ ಅದಾವು.”

ನಕ್ಕರೂ ಅವರ ಕಷ್ಟ ಸಣ್ಣದಲ್ಲ. ಬಲೆ ಹರಿದರೆ ಅಂದಿನ ದುಡಿಮೆ ಹೋಯಿತು. ಹೊಸ ಬಲೆಗೆ ಸಾಲ ಮಾಡಬೇಕು. ಇತ್ತ ನೀರುನಾಯಿಗೂ ಹೊಟ್ಟೆಯಿದೆ. ಸಂಸಾರ ಕಟ್ಟಿಕೊಂಡು ಗುಂಪಾಗಿ ಬದುಕುವ ಈ ಪ್ರಾಣಿಗೆ ಮೀನೇ ಮುಖ್ಯ ಆಹಾರ. 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ ಸುಮಾರು 34 ಕಿಲೋಮೀಟರ್ ಹೊಳೆಯನ್ನು ಸರ್ಕಾರ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಹಂಪಿಯ ಬಂಡೆಗಳ ನಡುವಿನ ಹೊಳೆಯೂ ಅದರೊಳಗೇ ಬರುತ್ತದೆ.

“ಮಳಿಗಾಲ ಹಿಡಿದಾಗ ನೀವೂ ಮೀನು ಹಿಡಿಯಂಗಿಲ್ಲೇನು?” ಅಂತ ನಾನು ಕೇಳಿದೆ.

“ಆವಾಗ ಮೀನು ಬಸಿರಿರ್ತಾವ್ರಿ. ಬಸಿರಿ ಮ್ಯಾಲೆ ಕೈ ಮಾಡಬಾರದು. ಎರಡು ತಿಂಗಳು ಹೊಟ್ಟಿ ಕಟ್ಟಿದ್ರ ಹತ್ತು ತಿಂಗಳು ಉಣ್ತೀವಿ. ಆದರ ಆ ಎರಡು ತಿಂಗಳು ದೊಡ್ಡವು ನೋಡ್ರಿ.”

ಮೊಮ್ಮಗ ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಒಂದು ಕಿಲೋ ತೂಗುವ ರೋಹು ಮೀನು ಲಕ್ಷಕ್ಕೂ ಹೆಚ್ಚು ಮೊಟ್ಟೆಯಿಡುತ್ತದೆ ಎಂದು ಬಸ್ಸಿನಲ್ಲಿ ಹೇಳಿದೆ. “ಹಂಗಾದ್ರ ಆ ಒಂದು ಮೀನು ಒಂದಲ್ಲ ತಾತಾ” ಅಂದ. ಮನೆಗೆ ಬಂದು ಗಾಳದ ಕೋಲನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟ. “ಕೇಳಿ ತಿಳ್ಕೊಂಡ ಮೇಲೆ ತೆಗೀತೀನಿ” ಅಂದ. ಬಿಸಾಕುತ್ತೇನೆ ಅನ್ನಲಿಲ್ಲ. ಅದೂ ಸರಿಯೇ, ಆಟ ತಪ್ಪಲ್ಲವಲ್ಲ.

ಮಕ್ಕಳೇ, ಲೈಸೆನ್ಸ್ ಎಂದರೆ ಬರೀ ಚೀಟಿಯಲ್ಲ. ಒಂದೇ ಹೊಳೆಯನ್ನು ನಂಬಿದವರೆಲ್ಲ ಪಂಕ್ತಿಯಲ್ಲಿ ಕೂತು ಉಣ್ಣುವ ರೀತಿ ಅದು. ಪಂಕ್ತಿಯಲ್ಲಿ ಪಕ್ಕದವರ ಎಲೆ ನೋಡದೆ ಎರಡನೇ ಸಲ ಬಡಿಸಿಕೊಳ್ಳುತ್ತೇವೆಯೇ? ನಿಮ್ಮೂರಿನಲ್ಲೂ ಗಾಳ ಹಾಕುವ ಮೊದಲು ಕೇಳಿ. ಸಣ್ಣ ಕೆರೆಯಾದರೆ ಗ್ರಾಮ ಪಂಚಾಯಿತಿಯಲ್ಲಿ, ದೊಡ್ಡ ಕೆರೆ, ಹೊಳೆಗಳಾದರೆ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಜೊತೆಗೆ ತಾತನನ್ನೋ ಅಜ್ಜಿಯನ್ನೋ ಕರೆದುಕೊಂಡು ಹೋಗಿ. ನಮಗೂ ಹೊಳೆ ನೋಡಲು ಒಂದು ನೆಪ ಬೇಕಲ್ಲ!