ಛಾಯಾಚಿತ್ರದ ಅಂಚು ಮತ್ತು ಸತ್ಯಾಣುವ್ರತ

ಆನೆಯು ದ್ವಿತೀಯ ತೀರ್ಥಂಕರರಾದ ಅಜಿತನಾಥ ಸ್ವಾಮಿಗಳ ಲಾಂಛನ. ಬಸದಿಯ ಟ್ರಸ್ಟು ಮುದ್ರಿಸುವ ದಿನದರ್ಶಿಕೆಯಲ್ಲಿ ಕಾಡಾನೆಯ ಛಾಯಾಚಿತ್ರವೊಂದಕ್ಕೆ ಸ್ಥಾನ ದೊರೆತರೆ ಅದರಲ್ಲಿ ಆಶ್ಚರ್ಯವಿಲ್ಲ. ಚಿತ್ರವನ್ನು ಆಯುವವರು ಅದರ ಸ್ಪಷ್ಟತೆ, ವರ್ಣ, ಗಾಂಭೀರ್ಯಗಳನ್ನು ನೋಡುತ್ತಾರೆ. ನಾಲ್ಕು ಅಂಚುಗಳ ಆಚೆ ಏನಿತ್ತೆಂದು ಕೇಳುವವರು ವಿರಳ.

ಬೃಹತ್ಕಾಯದ ಪ್ರಾಣಿಯನ್ನು ಚೌಕಟ್ಟಿನೊಳಗೆ ಕೂರಿಸುವುದು ಸುಲಭದ ಕೆಲಸವಲ್ಲ. ಸೊಂಡಿಲ ತುದಿ ಹೊರಗುಳಿದರೆ, ಕಾಲು ಕೀಲಿನ ಬಳಿಯೇ ತುಂಡಾದರೆ, ಆನೆ ಅಂಗಹೀನವಾದಂತೆ ತೋರುತ್ತದೆ. ನಡೆಯುವ ದಿಕ್ಕಿನಲ್ಲಿ ತೆರಪು ಬಿಡದಿದ್ದರೆ ಗೋಡೆಗೆ ಮುಖವಿಟ್ಟು ನಿಂತಂತೆ ಕಾಣುತ್ತದೆ. ಆದುದರಿಂದ ನುರಿತವರು ಇಡೀ ದೇಹಕ್ಕೂ ಸುತ್ತಲಿನ ಕಾಡಿಗೂ ಎಡೆ ಕೊಡುತ್ತಾರೆ. ಇಲ್ಲವೇ ಅಂಚುಗಳನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಿ ಕಣ್ಣು, ಸುಕ್ಕುಗಟ್ಟಿದ ಚರ್ಮ, ದಂತದ ಬುಡ ಇಷ್ಟನ್ನೇ ಉಳಿಸುತ್ತಾರೆ. ಈ ಎರಡನೆಯದರಲ್ಲಿ ಯಾವ ವಂಚನೆಯೂ ಇಲ್ಲ, ಏಕೆಂದರೆ ನೋಡುವವನಿಗೆ ತಾನು ಕಾಣುತ್ತಿರುವುದು ಭಾಗವೆಂದು ಗೊತ್ತಿರುತ್ತದೆ. ಆನೆಯನ್ನು ಮುಟ್ಟಿದ ಕುರುಡರಲ್ಲಿ ಕಾಲನ್ನು ಕಂಬವೆಂದವನು ಸುಳ್ಳುಗಾರನಲ್ಲ. ಆನೆಯೆಂದರೆ ಕಂಬವೇ ಹೊರತು ಬೇರೇನೂ ಅಲ್ಲವೆಂದು ಹಟ ಹಿಡಿದಾಗ ಅವನ ನಯವು ದುರ್ನಯವಾಯಿತು.

ಬೇಸಿಗೆಯಲ್ಲಿ ಕಬಿನಿಯ ಹಿನ್ನೀರು ಇಳಿದು ಹಸುರು ಹುಲ್ಲು ಮೇಲೇಳುವಾಗ ನಾಗರಹೊಳೆ, ಬಂಡೀಪುರಗಳ ಆನೆಗಳು ಅಲ್ಲಿ ಹಿಂಡುಹಿಂಡಾಗಿ ಸೇರುತ್ತವೆ. ಪ್ರವಾಸಿಗರ ಜೀಪುಗಳೂ ಬರುತ್ತವೆ. ಮರಿಯೊಡನಿರುವ ತಾಯಾನೆಗೆ ಜೀಪು ತೀರ ಸಮೀಪವಾದರೆ ಅದು ಕಿವಿಗಳನ್ನಗಲಿಸಿ, ತಲೆಯೆತ್ತಿ ಎರಡು ಹೆಜ್ಜೆ ಮುಂದಿಡುತ್ತದೆ. ಅದು ಎಚ್ಚರಿಕೆ. ಅಂಥ ಕ್ಷಣದ ಚಿತ್ರದಿಂದ ಜೀಪನ್ನೂ ಮರಿಯನ್ನೂ ಕತ್ತರಿಸಿದರೆ ಉಳಿಯುವುದು ಕಾರಣವಿಲ್ಲದೆ ಕೆರಳಿದ ಆನೆ. ಚಿತ್ರದ ಒಂದು ಕಣವೂ ಸುಳ್ಳಲ್ಲ. ಆದರೂ ಆ ಮೂಕಪ್ರಾಣಿಯ ಮೇಲೆ ಮಿಥ್ಯಾಪವಾದ ಬಂತು. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು ಎಣಿಸಿದೆ. ಅಂಗಡಿಯ ಲೆಕ್ಕ ಬಲ್ಲ ಶ್ರಾವಕರಿಗೆ ಇದನ್ನು ವಿವರಿಸಬೇಕಾಗಿಲ್ಲ: ಖರ್ಚಿನ ಪುಟವನ್ನು ಮಡಿಚಿಟ್ಟು ಜಮೆಯ ಪುಟವನ್ನಷ್ಟೇ ಪಾಲುದಾರನ ಮುಂದೆ ಹಿಡಿದರೆ ಒಂದು ಅಂಕಿಯನ್ನೂ ತಿದ್ದಿದಂತಾಗುವುದಿಲ್ಲ.

ಅಂತರರಾಷ್ಟ್ರೀಯ ಸ್ಪರ್ಧೆಗಳ ನಿಸರ್ಗ ವಿಭಾಗದ ನಿಯಮಗಳು ಇಲ್ಲಿ ವಿಚಿತ್ರವಾಗಿವೆ. ಚಿತ್ರದೊಳಗಿನ ವಸ್ತುವನ್ನು ಅಳಿಸುವುದು, ಸೇರಿಸುವುದು, ಸರಿಸುವುದು ನಿಷಿದ್ಧ. ಅಂಚು ಕತ್ತರಿಸುವುದು ಸಮ್ಮತ. ಮನುಷ್ಯನ ಕುರುಹು ನಿಸರ್ಗದ ಕಥೆಗೆ ಅವಿಭಾಜ್ಯವಾಗಿದ್ದಲ್ಲಿ ಮಾತ್ರ ಇರಬಹುದು. ಜೀಪನ್ನು ಬಣ್ಣ ಬಳಿದು ಮರೆಮಾಡಿದವನು ಅನರ್ಹ, ಕತ್ತರಿಯಿಂದ ಹೊರಹಾಕಿದವನು ಅರ್ಹ. ಆನೆಯ ಪಾಲಿಗೆ ಎರಡೂ ಒಂದೇ.

ಇದಕ್ಕೆ ಪ್ರತಿಯಾಗಿ, ಪಶ್ಚಿಮ ಬಂಗಾಳದ ಬಾಂಕುರಾ ಜಿಲ್ಲೆಯಲ್ಲಿ ಬಿಪ್ಲಬ್ ಹಜ್ರಾ ತೆಗೆದ ಚಿತ್ರಕ್ಕೆ 2017ರಲ್ಲಿ ಸ್ಯಾಂಕ್ಚುರಿ ಪತ್ರಿಕೆಯ ವನ್ಯಜೀವಿ ಛಾಯಾಚಿತ್ರ ಪ್ರಶಸ್ತಿ ದೊರೆಯಿತು. ಜನರು ಎಸೆದ ಬೆಂಕಿಯುಂಡೆಗಳ ನಡುವೆ ಓಡುತ್ತಿರುವ ತಾಯಿ, ಅದರ ಹಿಂದೆ ಉರಿ ತಗುಲಿದ ಮರಿ. ಅದೇ ಚೌಕಟ್ಟಿನಲ್ಲಿ ಓಡುತ್ತಿರುವ ಮನುಷ್ಯರು. ಮನುಷ್ಯರನ್ನು ಕತ್ತರಿಸಿದ್ದರೆ ಅದು ಕಾಳ್ಗಿಚ್ಚಿನ ಚಿತ್ರವಾಗುತ್ತಿತ್ತು, ಹಿಂಸೆಯ ಕರ್ತೃ ಕಣ್ಮರೆಯಾಗುತ್ತಿದ್ದನು. ಛಾಯಾಗ್ರಾಹಕನು ಹಾಗೆ ಮಾಡಲಿಲ್ಲ. ನೋಡಲಾಗದ ಚಿತ್ರವನ್ನು ನೋಡುವಂತೆ ಮಾಡಿದನು.

ಆದರೆ ಅದಕ್ಕೂ ಅಂಚುಗಳಿವೆ. ಝಾರ್ಖಂಡದ ದಲ್ಮಾ ಬೆಟ್ಟಗಳ ಕಡೆಯಿಂದ ಹಿಂಡುಗಳು ದಕ್ಷಿಣ ಬಂಗಾಳದ ಬತ್ತದ ಗದ್ದೆಗಳಿಗೆ ಇಳಿಯುತ್ತವೆ. ವರ್ಷದ ಅನ್ನವನ್ನು ಒಂದೇ ರಾತ್ರಿಯಲ್ಲಿ ಕಳೆದುಕೊಳ್ಳುವ ರೈತನು ಆ ಚೌಕಟ್ಟಿನೊಳಗೆ ಇಲ್ಲ. ಅವನನ್ನು ಸೇರಿಸಿದರೂ ಮರಿಯ ಮೈಮೇಲಿನ ಉರಿ ಆರದು. ಓಡುತ್ತಿರುವವರ ಮುಖಗಳನ್ನು ಮಾತ್ರ ಬೇರೆ ರೀತಿ ನೋಡಬೇಕಾಗುತ್ತದೆ.